ಅಟ್ಟದ ಮೇಲಿನ ಒಂಬತ್ತು ಬಾಟಲಿ

ಕುಂದಾಪುರದಿಂದ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಅವರ ದೊಡ್ಡಪ್ಪ ಬಹಳ ವರ್ಷ ಸರಕು ಹಡಗಿನಲ್ಲಿ ಕೆಲಸ ಮಾಡಿದವರು. ಹೋದ ವರ್ಷ ತೀರಿಕೊಂಡರು. ಮಾಡು ರಿಪೇರಿಗೆಂದು ಅಟ್ಟ ಖಾಲಿ ಮಾಡುವಾಗ ಅವರ ಟ್ರಂಕಿನಲ್ಲಿ ಸೀಲು ಒಡೆಯದ ಒಂಬತ್ತು ವಿಸ್ಕಿ ಬಾಟಲಿ ಸಿಕ್ಕಿವೆಯಂತೆ. ಎರಡು ಜಾನಿ ವಾಕರ್ ಬ್ಲ್ಯಾಕ್ ಲೇಬಲ್, ಮೂರು ವೈಟ್ ಹಾರ್ಸ್, ಒಂದು ವ್ಯಾಟ್ 69, ಒಂದು ಓಲ್ಡ್ ಫಿಟ್ಜರಾಲ್ಡ್. ಉಳಿದೆರಡರ ಲೇಬಲ್ ಕಿತ್ತುಹೋಗಿದೆ. "ಒಂದು ಬಾಟಲಿ 22 ಕೋಟಿಗೆ ಹೋಯಿತೆಂದು ಪೇಪರಿನಲ್ಲಿ ಓದಿದೆ. ಇವಕ್ಕೂ ಬೆಲೆ ಇದೆಯೇ? ಮಾರಬಹುದೇ? ಹಳೇ ಬಾಟಲಿ ಹುಡುಕುವ ಹುಚ್ಚು ನನಗೂ ಹತ್ತುತ್ತಿದೆ, ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದ್ದಾರೆ.

ನಮಸ್ಕಾರ. ಮೊದಲು ಒಂದು ಮಾತು: ಆ ಬಾಟಲಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮನೆಯಲ್ಲಿ ಯಾರಾದರೂ "ಎಷ್ಟು ಧೂಳು ಮಾರಾಯ್ರೆ" ಎಂದು ಬಟ್ಟೆ ಹಿಡಿದು ಬಂದರೆ ದಯವಿಟ್ಟು ತಡೆಯಿರಿ. ಕರಾವಳಿಯ ತೇವಕ್ಕೆ ಲೇಬಲ್ಲಿನ ಅಂಟು ಈಗಾಗಲೇ ಸಡಿಲವಾಗಿರುತ್ತದೆ. ಆ ಕಾಗದವೇ ಬಾಟಲಿಯ ಜಾತಕ. ಅದು ಹೋದರೆ ಉಳಿಯುವುದು ಬಣ್ಣದ ನೀರು ತುಂಬಿದ ಗಾಜು ಅಷ್ಟೇ. ಟ್ರಂಕಿನಲ್ಲಿ ಮಲಗಿಸಿಟ್ಟಿದ್ದರೆ ಇವತ್ತೇ ಎತ್ತಿ ನಿಲ್ಲಿಸಿ. ವೈನ್ ಬಾಟಲಿ ಮಲಗಿಸಿಡುತ್ತಾರೆ, ವಿಸ್ಕಿಗೆ ಅದು ಆಗುವುದಿಲ್ಲ. ಅದರ ಕಡು ಆಲ್ಕೋಹಾಲ್ ಬಿರಡೆಯನ್ನು ತಿನ್ನುತ್ತದೆ. ಬಿಸಿಲು ಬೀಳದ ಕಪಾಟು ಸಾಕು.

ನೀವು ಓದಿದ ಸುದ್ದಿ ನಿಜ. ಅದು ಮಕಾಲನ್ 1926 ಎಂಬ ಸ್ಕಾಚ್. 2023ರ ನವೆಂಬರಿನಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ 21 ಲಕ್ಷ ಪೌಂಡಿಗೂ ಜಾಸ್ತಿಗೆ ಹೋಯಿತು. 1926ರಲ್ಲಿ ಭಟ್ಟಿ ಇಳಿಸಿದ್ದು, ಅರವತ್ತು ವರ್ಷ ಪೀಪಾಯಿಯಲ್ಲಿದ್ದು 1986ರಲ್ಲಿ ಬಾಟಲಿಗೆ ಬಂತು. ಸಿಕ್ಕಿದ್ದು ಬರೀ 40 ಬಾಟಲಿ. ಅದರಲ್ಲಿ 12ಕ್ಕೆ ಇಟಲಿಯ ಕಲಾವಿದ ವಲೇರಿಯೊ ಅದಾಮಿ ಲೇಬಲ್ ಬರೆದುಕೊಟ್ಟರು. ಹರಾಜಾದದ್ದು ಅವುಗಳಲ್ಲಿ ಒಂದು. ಇದನ್ನು ಯಾರೂ ಅಟ್ಟದಲ್ಲಿ ಹುಡುಕಿ ತೆಗೆಯುವುದಿಲ್ಲ. ಅದು ಹುಟ್ಟುವಾಗಲೇ ಎಲ್ಲರ ಕಣ್ಣು ಅದರ ಮೇಲಿತ್ತು. ಹಾಗಾಗಿ ಅದನ್ನು ಇಲ್ಲಿಗೇ ಬಿಡೋಣ.

ನನ್ನ ಎದೆ ಹಾರಿದ್ದು ನಿಮ್ಮ ಪಟ್ಟಿಯ ಇನ್ನೊಂದು ಹೆಸರಿಗೆ. ಓಲ್ಡ್ ಫಿಟ್ಜರಾಲ್ಡ್. ಅದರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ: "ಇದು ಸ್ಕಾಚ್ ಅಲ್ಲ, ಅಮೆರಿಕದ್ದು. ಬಾಯಿಯ ಮೇಲೆ ಹಸಿರು ಕಾಗದದ ಪಟ್ಟಿ ಅಂಟಿಸಿದ್ದಾರೆ, ಪ್ರಯೋಜನ ಇಲ್ಲ ಅನಿಸುತ್ತದೆ."

ಆ ಹಸಿರು ಪಟ್ಟಿ ಸರ್ಕಾರದ ತೆರಿಗೆ ಮುದ್ರೆ. ಅಮೆರಿಕದಲ್ಲಿ 1897ರಲ್ಲಿ ಒಂದು ಕಾಯ್ದೆ ಬಂತು. ಒಂದೇ ಡಿಸ್ಟಿಲರಿಯಲ್ಲಿ, ಒಂದೇ ಹಂಗಾಮಿನಲ್ಲಿ ಇಳಿಸಿದ ವಿಸ್ಕಿ, ಸರ್ಕಾರದ ಬೀಗ ಹಾಕಿದ ಗೋದಾಮಿನಲ್ಲಿ ಕಡೇಪಕ್ಷ ನಾಲ್ಕು ವರ್ಷ ಇದ್ದು, ಶೇ. 50 ಆಲ್ಕೋಹಾಲಿಗೆ ಬಾಟಲಿಯಾದರೆ ಅದಕ್ಕೆ 'ಬಾಟಲ್ಡ್ ಇನ್ ಬಾಂಡ್' ಎಂಬ ಹೆಸರು. ಅಂಥ ಬಾಟಲಿಗೆ ಹಸಿರು ಪಟ್ಟಿ, ಬೇರೆಯದಕ್ಕೆ ಕೆಂಪು. ಹಸಿರು ಪಟ್ಟಿಯ ಮೇಲೆ ಭಟ್ಟಿ ಇಳಿಸಿದ ಹಂಗಾಮು, ವರ್ಷ, ಬಾಟಲಿಗೆ ತುಂಬಿದ ಹಂಗಾಮು, ವರ್ಷ ಎಲ್ಲ ಅಚ್ಚು ಹಾಕುತ್ತಿದ್ದರು. 1985ಕ್ಕೆ ಈ ಪಟ್ಟಿಗಳು ನಿಂತುಹೋದವು. ಹಾಗಾಗಿ ಪಟ್ಟಿ ಇದ್ದರೆ ಬಾಟಲಿ ಅದಕ್ಕಿಂತ ಹಿಂದಿನದು.

ಈಗ ಲೇಬಲ್ಲಿನ ಸಣ್ಣ ಅಕ್ಷರಗಳನ್ನು ನೋಡಿ. ಡಿಎಸ್‌ಪಿ ಕೆವೈ 16 (ಇಂಗ್ಲಿಷಿನಲ್ಲಿ DSP-KY-16, ಅದು ಡಿಸ್ಟಿಲರಿಯ ಸಂಖ್ಯೆ) ಎಂದು ಇದ್ದರೆ, ಅಥವಾ ಸ್ಟಿಟ್ಜೆಲ್-ವೆಲ್ಲರ್ ಎಂಬ ಹೆಸರಿದ್ದರೆ, ಅದನ್ನು ಮಗುವಿನ ಹಾಗೆ ನೋಡಿಕೊಳ್ಳಿ. ಸ್ಟಿಟ್ಜೆಲ್-ವೆಲ್ಲರ್ ಕೆಂಟಕಿಯ ಲೂಯಿವಿಲ್ ಹತ್ತಿರದ ಡಿಸ್ಟಿಲರಿ, ಶುರುವಾಗಿದ್ದು 1935ರಲ್ಲಿ. ಬರ್ಬನ್ ಎಂದರೆ ಮುಖ್ಯವಾಗಿ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ. ಹೆಚ್ಚಿನವುಗಳಲ್ಲಿ ಅದರ ಜೊತೆ ರೈ ಎಂಬ ಧಾನ್ಯ ಸೇರುತ್ತದೆ. ಇವರು ರೈ ಬದಲು ಗೋಧಿ ಹಾಕುತ್ತಿದ್ದರು, ಅದರಿಂದ ರುಚಿ ಮೆತ್ತಗಾಗುತ್ತಿತ್ತು. ನಡೆಸುತ್ತಿದ್ದ ಜೂಲಿಯನ್ ವಾನ್ ವಿಂಕಲ್ 1965ರಲ್ಲಿ ತೀರಿಕೊಂಡರು. ಆಮೇಲೆ ಜನರ ರುಚಿ ಬದಲಾಯಿತು. ಹುಡುಗರು ವೋಡ್ಕಾದ ಕಡೆ ತಿರುಗಿದರು, ಬರ್ಬನ್ ಎಂದರೆ ಅಜ್ಜಂದಿರ ಪಾನೀಯ ಅನಿಸಿತು. 1972ರಲ್ಲಿ ಮನೆಯವರು ಕಂಪನಿ ಮಾರಿದರು, 1992ರಲ್ಲಿ ಭಟ್ಟಿಯೇ ಆರಿತು. ಅಂಗಡಿಗಳ ಕೆಳಗಿನ ಸಾಲಿನಲ್ಲಿ ಆ ಬಾಟಲಿಗಳು ವರ್ಷಗಟ್ಟಲೆ ಧೂಳು ತಿಂದವು.

ಅದೇ ಧೂಳು ಹಿಡಿದ ಬಾಟಲಿಗಳಿಗೆ ಈಗ ಅಮೆರಿಕದಲ್ಲಿ 'ಡಸ್ಟಿ' ಎನ್ನುತ್ತಾರೆ. ಅವನ್ನು ಹುಡುಕುವವರು ರಜೆ ಸಿಕ್ಕರೆ ಕಾರು ಹತ್ತಿ ಸಣ್ಣ ಊರುಗಳಿಗೆ ಹೋಗುತ್ತಾರೆ. ಹಳೇ ಅಂಗಡಿ ಹುಡುಕಿ, ನೆಲಕ್ಕೆ ಮಂಡಿ ಊರಿ ಕೊನೆಯ ಸಾಲು ನೋಡುತ್ತಾರೆ. ಹಿಂದಿನ ಕೋಣೆಯಲ್ಲಿ ಏನಾದರೂ ಉಳಿದಿದೆಯಾ ಎಂದು ಮಾಲೀಕರನ್ನು ಕೇಳುತ್ತಾರೆ. ಈಗ ಬಹುಪಾಲು ಅಂಗಡಿ ಬರಿದಾಗಿವೆ. ಉಳಿದದ್ದು ಮನೆಗಳಲ್ಲಿ, ತೀರಿಹೋದವರ ಕಪಾಟುಗಳಲ್ಲಿ. ಕೆಂಟಕಿಯಲ್ಲಿ 2018ರಿಂದ ಅಂಗಡಿ, ಬಾರಿನವರು ಇಂಥ ಹಳೇ ಬಾಟಲಿಗಳನ್ನು ಮನೆಯವರಿಂದ ಕೊಳ್ಳಬಹುದು ಎಂದು ಕಾನೂನೇ ಇದೆ.

ನಾನು ಈ ಕತೆಯನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ನಾನು ನೋಡಿದ ಮಟ್ಟಿಗೆ, ಹುಡುಕುವವರು ಇವತ್ತು ಪ್ರಾಣ ಬಿಡುವ ಬಾಟಲಿಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದವು. ಸ್ಕಾಟ್ಲೆಂಡಿನ ಐಲಾ ದ್ವೀಪದ ಪೋರ್ಟ್ ಎಲೆನ್ ನೋಡಿ, ಉತ್ತರದ ಬ್ರೋರಾ ನೋಡಿ. ಎರಡೂ ಡಿಸ್ಟಿಲರಿಗಳು 1983ರಲ್ಲಿ ಮುಚ್ಚಿದವು. ವಿಸ್ಕಿ ಚೆನ್ನಾಗಿರಲಿಲ್ಲ ಎಂದಲ್ಲ. ಮಾರಾಟಕ್ಕಿಂತ ದಾಸ್ತಾನು ಜಾಸ್ತಿಯಾಗಿತ್ತು, ಅದಕ್ಕೆ ಕಂಪನಿ ಹಲವು ಭಟ್ಟಿಗಳಿಗೆ ಒಟ್ಟಿಗೆ ಬೀಗ ಹಾಕಿತು. ಇಳಿಸಿಟ್ಟದ್ದರಲ್ಲಿ ಬಹುಪಾಲು ಬ್ಲೆಂಡ್‌ಗಳಲ್ಲಿ, ಅಂದರೆ ಹಲವು ಭಟ್ಟಿಗಳ ವಿಸ್ಕಿ ಬೆರೆಸಿದ ಬಾಟಲಿಗಳಲ್ಲಿ, ಕರಗಿಹೋಯಿತು. ಪೀಪಾಯಿಗಳಲ್ಲಿ ಉಳಿದ ಸ್ವಲ್ಪವನ್ನು ಮುಂದೆ ಬಾಟಲಿ ಮಾಡಿದಾಗ ಜನ ಬೆರಗಾದರು. ಬೆಲೆ ಎಷ್ಟು ಏರಿತೆಂದರೆ, ಬ್ರೋರಾವನ್ನು 2021ರಲ್ಲಿ, ಪೋರ್ಟ್ ಎಲೆನ್ನನ್ನು 2024ರಲ್ಲಿ ಮತ್ತೆ ಕಟ್ಟಿ ಒಲೆ ಹಚ್ಚಿದರು.

ಜಪಾನಿನ ಹನ್ಯೂ ಡಿಸ್ಟಿಲರಿಯದೂ ಇದೇ ಕತೆ. 2000ದಲ್ಲಿ ಭಟ್ಟಿ ನಿಂತಿತು, ಆಮೇಲೆ ಕಟ್ಟಡವನ್ನೂ ಕೆಡವಿದರು. ಉಳಿದ ಸುಮಾರು 400 ಪೀಪಾಯಿಗಳನ್ನು ಆ ಮನೆತನದ ಮೊಮ್ಮಗ ಇಚಿರೊ ಅಕುತೊ ಉಳಿಸಿಕೊಂಡರು. ಅದನ್ನು ಇಸ್ಪೀಟ್ ಎಲೆಯ ಲೇಬಲ್ ಹಚ್ಚಿ ಒಂದೊಂದಾಗಿ ಹೊರತಂದರು. ಒಟ್ಟು 54, ಜೋಕರ್ ಸೇರಿ. ಶುರುವಿನಲ್ಲಿ ಅವು ಬಾರುಗಳಲ್ಲಿ ಪೆಗ್ ಲೆಕ್ಕದಲ್ಲಿ ಖರ್ಚಾದವು. 2019ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ ಪೂರ್ತಿ ಸೆಟ್ 70 ಲಕ್ಷ ಹಾಂಗ್‌ಕಾಂಗ್ ಡಾಲರಿಗೂ ಮೇಲೆ ಹೋಯಿತು. ಪೂರ್ತಿ ಸೆಟ್ ಅಷ್ಟು ಅಪರೂಪ ಆಗಿದ್ದು, ಜನ ಉಳಿದವನ್ನು ಕುಡಿದು ಮುಗಿಸಿದ್ದರಿಂದ ಅಲ್ವಾ?

ಆದ್ದರಿಂದ 'ಲಿಮಿಟೆಡ್ ಎಡಿಷನ್' ಎಂದು ಚಿನ್ನದಕ್ಷರದಲ್ಲಿ ಬರೆದು, ಮರದ ಪೆಟ್ಟಿಗೆಯಲ್ಲಿ ಮಾರುವುದರ ಹಿಂದೆ ಓಡಬೇಡಿ. ಅದನ್ನು ಕೊಂಡವರೆಲ್ಲ ಜೋಪಾನವಾಗಿ ಇಟ್ಟಿರುತ್ತಾರೆ. ಎಲ್ಲರೂ ಇಟ್ಟುಕೊಂಡ ಮೇಲೆ ಅದು ಅಪರೂಪ ಹೇಗಾದೀತು?

ಈಗ ನಿಮ್ಮ ಸ್ಕಾಚ್‌ಗಳು. ಕಣ್ಣಿಗಿಂತ ಮೊದಲು ಬೆರಳಿಗೆ ಕೆಲಸ ಕೊಡಿ. ಇಟಲಿಯ ವಲೆಂಟಿನೊ ಜಗಾಟಿ ಎಂಬವರು ಹುಡುಗನಾಗಿದ್ದಾಗಲೇ ನೆಲಬಾಂಬ್ ಸಿಡಿದು ದೃಷ್ಟಿ ಕಳೆದುಕೊಂಡವರು. ಅವರು ಸುಮಾರು ಮೂರು ಸಾವಿರ ಬಾಟಲಿ ಕೂಡಿಸಿದ್ದರು. ಜಗತ್ತಿನ ದೊಡ್ಡ ಸಂಗ್ರಹಗಳಲ್ಲಿ ಅದೂ ಒಂದು. ಬಾಟಲಿಯ ತಳ ತಡವಿ ನೋಡಿ, ಉಬ್ಬಿದ ಅಂಕಿ, ಅಕ್ಷರ ಸಿಗುತ್ತವೆ. ಅವುಗಳಿಂದ ಗಾಜು ಎಲ್ಲಿಯದು, ಎಷ್ಟೋ ಸಲ ಯಾವ ವರ್ಷದ್ದು ಎಂದೂ ತಿಳಿಯುತ್ತದೆ. ಅಮೆರಿಕದ ಬಾಟಲಿಯ ಗಾಜಿನಲ್ಲೇ 'ಇದನ್ನು ಮತ್ತೆ ಬಳಸುವುದು, ಮಾರುವುದು ಕಾನೂನಿಗೆ ವಿರುದ್ಧ' ಎಂಬ ಇಂಗ್ಲಿಷ್ ಸಾಲು ಉಬ್ಬಿಕೊಂಡಿದ್ದರೆ ಗಾಜು 1935 ಮತ್ತು 1964ರ ನಡುವಿನದು.

ಬಳಿಕ ಅಳತೆ ನೋಡಿ. ಬ್ರಿಟನ್ನಿನ ಬಾಟಲಿಯಲ್ಲಿ '26⅔ ಫ್ಲೂಯಿಡ್ ಔನ್ಸ್', '70 ಪ್ರೂಫ್' ಎಂದಿದ್ದರೆ ಸುಮಾರು 1980ಕ್ಕಿಂತ ಹಿಂದಿನದು. ಆ 70 ಎಂದರೆ ಈಗಿನ ಲೆಕ್ಕದಲ್ಲಿ ಶೇ. 40. 75 ಸೆಂಟಿಲೀಟರ್ ಎಂದಿದ್ದರೆ ಎಂಬತ್ತರ ದಶಕ. 70 ಸೆಂಟಿಲೀಟರ್ ಬಂದದ್ದು ತೊಂಬತ್ತರ ಶುರುವಿನಲ್ಲಿ. ಬೇರೆ ದೇಶಕ್ಕೆ ಹೋದ ಬಾಟಲಿಯ ಅಳತೆ ಬೇರೆ ಇರಬಹುದು, ಹಡಗಿನವರ ಕೈಯಲ್ಲಿ ಅಂಥವೇ ಜಾಸ್ತಿ. ಬಾರ್‌ಕೋಡ್ ಇದ್ದರೆ ತುಂಬಾ ಹಳೆಯದಲ್ಲ. ಕೊನೆಗೆ, ದ್ರವ ಎಲ್ಲಿಯವರೆಗೆ ಇದೆ ನೋಡಿ. ಕುತ್ತಿಗೆಯಿಂದ ಭುಜಕ್ಕೆ ಇಳಿದಿದ್ದರೆ ಮುಚ್ಚಳದಿಂದ ಗಾಳಿ ಹೋಗಿದೆ ಎಂದರ್ಥ.

ಬ್ಲ್ಯಾಕ್ ಲೇಬಲ್, ವ್ಯಾಟ್ 69 ಲಕ್ಷಗಟ್ಟಲೆ ಬಾಟಲಿ ಮಾರಾಟವಾದವು. ಹಳೆಯದಾದರೂ ದೊಡ್ಡ ಬೆಲೆ ಬರುವುದಿಲ್ಲ. ವೈಟ್ ಹಾರ್ಸ್ ಮಾತ್ರ ಸ್ವಲ್ಪ ಬೇರೆ. ಅದರ ಬೆನ್ನೆಲುಬು ಐಲಾ ದ್ವೀಪದ ಹೊಗೆ ರುಚಿಯ ಲಗಾವುಲಿನ್ ವಿಸ್ಕಿ. ಹಳೇ ಬಾಟಲಿಗಳಲ್ಲಿ ಆ ಹೊಗೆಯ ರುಚಿ ಈಗಿನದಕ್ಕಿಂತ ಗಾಢ ಎಂದು ಬಲ್ಲವರು ಹುಡುಕಿ ಕುಡಿಯುತ್ತಾರೆ. ಮೂರಿವೆಯಲ್ಲ, ಒಂದನ್ನು ದೊಡ್ಡಪ್ಪನ ಹೆಸರಿನಲ್ಲಿ ತೆರೆಯಿರಿ ಎಂದು ನನ್ನ ಸಲಹೆ. ವಿಸ್ಕಿಗೆ ವಯಸ್ಸಾಗುವುದು ಪೀಪಾಯಿಯಲ್ಲಿ ಮಾತ್ರ. ಬಾಟಲಿಗೆ ಬಂದ ದಿನ ಅದು ನಿಂತುಬಿಡುತ್ತದೆ. ಅಂದರೆ ನಿಮ್ಮ ದೊಡ್ಡಪ್ಪ ಕೊಂಡ ದಿನ ಆ ಬಾಟಲಿಯಲ್ಲಿ ಏನಿತ್ತೋ, ಮುಚ್ಚಳ ಭದ್ರವಾಗಿದ್ದರೆ ಇವತ್ತೂ ಹೆಚ್ಚುಕಡಿಮೆ ಅದೇ ಇರುತ್ತದೆ.

ಮಾರುವ ವಿಷಯ. ಇಲ್ಲಿ ನಿಮಗೆ ಬೇಸರವಾಗಬಹುದು, ಆದರೆ ನೇರವಾಗಿ ಹೇಳುತ್ತೇನೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದು ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಎಷ್ಟು ಹಳೆಯದಾದರೂ, ದೊಡ್ಡಪ್ಪನಿಂದ ಬಂದದ್ದಾದರೂ ಅಷ್ಟೇ. ಸ್ಕಾಟ್ಲೆಂಡಿನಲ್ಲಿ ಹಳೇ ಬಾಟಲಿ ಹರಾಜು ಹಾಕುವ ಕಂಪನಿಗಳೇ ಇವೆ, ಅದು ಅಲ್ಲಿಯ ಕಾನೂನು. ವಾಟ್ಸಾಪಿನಲ್ಲಿ ಫೋಟೋ ಹಾಕಿ ಗಿರಾಕಿ ಹುಡುಕಬೇಡಿ. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೂ ಮಿತಿ ಇದೆ. ಒಮ್ಮೆ ವಕೀಲರನ್ನು ಕೇಳಿಕೊಂಡರೆ ನಿಶ್ಚಿಂತೆ.

ಕೊಳ್ಳುವಾಗಲೂ ಎಚ್ಚರ ಬೇಕು. ಕೆಲವು ವರ್ಷದ ಹಿಂದೆ ನನ್ನ ಸ್ನೇಹಿತರೊಬ್ಬರು ಪರಿಚಯದವರ ಮೂಲಕ ಹಳೇ ಸ್ಕಾಚ್ ತಂದರು. ದೊಡ್ಡ ಮೊತ್ತ ಕೊಟ್ಟಿದ್ದರು. ಮಗಳ ಮದುವೆಯ ಮಾರನೇ ದಿನ ತೆರೆದೆವು. ಒಳಗಿದ್ದದ್ದು ಮಾಮೂಲಿ ಅಗ್ಗದ ಮಾಲು. ಬಾಟಲಿ ಅಸಲಿ, ಲೇಬಲ್ ಅಸಲಿ, ವಿಸ್ಕಿ ಮಾತ್ರ ನಕಲಿ. ಗುಜರಿಗೆ ಹೋದ ಖಾಲಿ ಬಾಟಲಿ ಮತ್ತೆ ತುಂಬಿ ಬಂದಿತ್ತು. ಅವರ ಮುಖ ಇವತ್ತಿಗೂ ನನ್ನ ಕಣ್ಣಮುಂದಿದೆ. ಅಮೆರಿಕದವರು ಗಾಜಿನ ಮೇಲೆ ಆ ಸಾಲು ಯಾಕೆ ಒತ್ತಿಸಿದ್ದರು ಎಂದು ಆವತ್ತು ಅರ್ಥವಾಯಿತು. ನೀವು ವೈಟ್ ಹಾರ್ಸ್ ತೆರೆದರೆ ಖಾಲಿ ಬಾಟಲಿಯನ್ನು ಗುಜರಿಗೆ ಕೊಡಬೇಡಿ.

ಬಲ್ಲವರೂ ಮೋಸ ಹೋಗುತ್ತಾರೆ. 2017ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೋರಿಟ್ಜಿನ ಒಂದು ಹೋಟೆಲಿನಲ್ಲಿ ಚೀನಾದ ಲೇಖಕರೊಬ್ಬರು 1878ರ ಮಕಾಲನ್ ಎಂದು ಒಂದೇ ಪೆಗ್ಗಿಗೆ 9,999 ಫ್ರಾಂಕ್ ಕೊಟ್ಟರು. ಫೋಟೋ ನೋಡಿದವರು ಅನುಮಾನಪಟ್ಟರು. ಹೋಟೆಲಿನವರು ಬಾಟಲಿಯನ್ನು ಪರೀಕ್ಷೆಗೆ ಕಳಿಸಿದರು. ಅದು 1970ರ ಆಚೀಚೆಯ ವಿಸ್ಕಿ! ಹೋಟೆಲಿನವರು ಅಷ್ಟೂ ಹಣ ವಾಪಸ್ ಕೊಟ್ಟರು, ಅದು ದೊಡ್ಡ ಗುಣ. ಪತ್ತೆಯಾಗಿದ್ದು ಹೇಗೆಂದರೆ, 1950, 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಏರಿತು. ಆ ಗಾಳಿ ಕುಡಿದ ಬಾರ್ಲಿಯಲ್ಲೂ ಅದು ಸೇರಿತು, ಆ ಬಾರ್ಲಿಯ ವಿಸ್ಕಿಯಲ್ಲೂ ಉಳಿಯಿತು. ಅದಕ್ಕಿಂತ ಹಳೇ ವಿಸ್ಕಿಯಲ್ಲಿ ಅದು ಅಷ್ಟು ಇರುವುದಿಲ್ಲ. 2018ರಲ್ಲಿ ಸ್ಕಾಟ್ಲೆಂಡಿನ ಪ್ರಯೋಗಾಲಯದಲ್ಲಿ 55 ಅಪರೂಪದ ಬಾಟಲಿ ಹೀಗೆ ಪರೀಕ್ಷಿಸಿದಾಗ 21 ಸುಳ್ಳೆಂದು ತಿಳಿಯಿತು.

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದಿರಿ. ಮನೆ ಹತ್ತಿರದಿಂದಲೇ. ಬೆಂಗಳೂರಿನ ಅಮೃತ್ ಡಿಸ್ಟಿಲರಿ ತನ್ನ ಸಿಂಗಲ್ ಮಾಲ್ಟನ್ನು (ಒಂದೇ ಡಿಸ್ಟಿಲರಿಯ ಬಾರ್ಲಿ ವಿಸ್ಕಿ) ಮೊದಲು ಮಾರಿದ್ದು ಬೆಂಗಳೂರಿನಲ್ಲಲ್ಲ, 2004ರ ಆಗಸ್ಟಿನಲ್ಲಿ ಗ್ಲಾಸ್ಗೋದಲ್ಲಿ. ನಮ್ಮೂರಿಗೆ ಬರಲು ವರ್ಷಗಳೇ ಹಿಡಿದವು. 2010ರ ಹೊತ್ತಿಗೆ ವಿಸ್ಕಿ ವಿಮರ್ಶಕ ಜಿಮ್ ಮರ್ರೆ, ಅಮೃತ್‌ನ ಫ್ಯೂಷನ್ ಎಂಬ ವಿಸ್ಕಿಗೆ ನೂರಕ್ಕೆ 97 ಅಂಕ ಕೊಟ್ಟ ಮೇಲೆ ಜಗತ್ತು ತಿರುಗಿ ನೋಡಿತು. ನಮ್ಮ ಹವೆಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಆವಿಯಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಶೇ. 2ರಷ್ಟು. ಅದನ್ನು ಅವರು ದೇವದೂತರ ಪಾಲು ಎನ್ನುತ್ತಾರೆ. ಅಮೃತ್‌ನವರು ಎಂಟು ವರ್ಷ ಕಾದು 2013ರಲ್ಲಿ ತಂದ ವಿಸ್ಕಿಗೆ 'ಗ್ರೀಡಿ ಏಂಜಲ್ಸ್' ಎಂದೇ ಹೆಸರಿಟ್ಟರು. ದೇವದೂತರು ಬಿಟ್ಟುಕೊಟ್ಟದ್ದು 144 ಬಾಟಲಿ. ಅದು ಈಗ ನಿಮ್ಮ ಕೈಗೆ ಸಿಗಲಿಕ್ಕಿಲ್ಲ. ಆದರೆ ಮೊದಲ ವರ್ಷಗಳ ಮಾಮೂಲಿ ಫ್ಯೂಷನ್? ಅದನ್ನು ಎಲ್ಲರೂ ಕುಡಿದು ಬಾಟಲಿ ಎಸೆದರು. ಮಿತ್ರರ ಮನೆಗೆ, ಸಂಬಂಧಿಕರ ಮನೆಗೆ ಹೋದಾಗ ಶೋಕೇಸಿನ ಮೂಲೆ ನೋಡಿ. ಲೇಬಲ್ಲಿನಲ್ಲಿ ಬ್ಯಾಚ್ ನಂಬರ್, ತಿಂಗಳು, ವರ್ಷ ಇರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ನೀವೇ ಅಂಗಡಿಯಲ್ಲಿ ಕೊಂಡರೆ ಬಿಲ್ಲನ್ನೂ ಜೊತೆಗೇ ಇಡಿ.

ಟ್ರಂಕಿನಲ್ಲಿ ದೊಡ್ಡಪ್ಪನ ಸಿಡಿಸಿ ಪುಸ್ತಕ, ಅಂದರೆ ಹಡಗಿನ ಕೆಲಸದ ದಾಖಲೆ, ಇರಬೇಕು, ಹಡಗಿನವರು ಅದನ್ನು ಬಿಸಾಡುವುದಿಲ್ಲ. ಯಾವ ಹಡಗು, ಯಾವ ದಿನ ಹತ್ತಿದರು, ಎಲ್ಲಿ ಇಳಿದರು ಎಲ್ಲ ಅದರಲ್ಲಿ ಬರೆದಿರುತ್ತದೆ. ಹಸಿರು ಪಟ್ಟಿಯ ಮೇಲಿನ ವರ್ಷವನ್ನು ಅದರ ಪಕ್ಕದಲ್ಲಿಟ್ಟು ನೋಡಿ. ದೊಡ್ಡಮ್ಮ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ. ಆ ವರ್ಷ ಅವರು ಅಮೆರಿಕದ ಯಾವ ಬಂದರಿಗೆ ಹೋಗಿದ್ದರು, ಆ ಬಾಟಲಿಯನ್ನು ಯಾಕೆ ತೆರೆಯಲಿಲ್ಲ ಎಂದು ಅವರಿಗೆ ನೆನಪಿದ್ದೀತು. ಪಟ್ಟಿಯದೊಂದು, ತಳದ್ದೊಂದು ಫೋಟೋ ನನಗೆ ಕಳಿಸಿ. ಕಾಯುತ್ತಿರುತ್ತೇನೆ.

— ಸಂಪಾದಕ