ಹೆಸರು ಶನಿವಾರದ್ದು, ಊರು ರೋಮನ್ನರದ್ದು

ಹಂಗೇರಿಯ ಸೊಂಬಾತ್‌ಹೆಯ್ ಊರಿನ ಹೆಸರಲ್ಲಿ ಶನಿವಾರ ಯಾಕಿದೆ, ಅದು ಎಷ್ಟು ಹಳೆಯ ಊರು ಅಂತ ಕೇಳಿದ್ದೀರಿ ಅಲ್ವಾ? ಹೆಸರು ಬಂದದ್ದು ಸಂತೆಯಿಂದ. ಮಧ್ಯಯುಗದಲ್ಲಿ ಅಲ್ಲಿ ಶನಿವಾರ ಸಂತೆ ಸೇರುತ್ತಿತ್ತು. ಸೊಂಬಾತ್ ಅಂದ್ರೆ ಶನಿವಾರ, ಹೆಯ್ ಅಂದ್ರೆ ಜಾಗ.

ಆದರೆ ಊರು ಅದಕ್ಕಿಂತ ಎಷ್ಟೋ ಹಳೆಯದು. ರೋಮ್ ಚಕ್ರವರ್ತಿ ಕ್ಲಾಡಿಯಸ್ ಕಾಲದಲ್ಲಿ, ಅಂದರೆ ಕ್ರಿ.ಶ. 41ರಿಂದ 54ರ ನಡುವೆ, 'ಸವಾರಿಯಾ' ಅನ್ನೋ ಹೆಸರಲ್ಲಿ ಶುರುವಾಯಿತು. ಬಾಲ್ಟಿಕ್ ಕಡಲಿನ ಕಡೆಯಿಂದ ಇಟಲಿಗೆ ಅಂಬರ್ (ಮರದ ಅಂಟು ಗಟ್ಟಿಯಾಗಿ ಆದ, ಒಡವೆಗೆ ಬಳಸುವ ಕಲ್ಲಿನಂಥ ವಸ್ತು) ಸಾಗಿಸುವ ದಾರಿ ಊರೊಳಗೇ ಹಾದುಹೋಗುತ್ತಿತ್ತು. ಆ ದಾರಿಗೆ ಹಾಸಿದ್ದ ದಪ್ಪ ಬಸಾಲ್ಟ್ ಕಲ್ಲಿನ ಚಪ್ಪಡಿಗಳನ್ನು ಇವತ್ತಿಗೂ ಅಲ್ಲಿ ನೋಡಬಹುದು. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಅದೇ. ಕ್ರೈಸ್ತರ ಸಂತ ಮಾರ್ಟಿನ್ ಹುಟ್ಟಿದ್ದೂ ಇಲ್ಲೇ, 4ನೇ ಶತಮಾನದಲ್ಲಿ. 456ರ ಭೂಕಂಪದಲ್ಲಿ ರೋಮನ್ ಊರು ನೆಲಕಚ್ಚಿತು.