ಪಡಿಯಚ್ಚು ತೆಗೆಯೋಕೆ ಕೈ ಬರ್ತಿಲ್ಲ, ಪಿಎಚ್‌ಡಿ ಬಿಟ್ಬಿಡ್ಲಾ?

ಪ್ರಶ್ನೆ: ಇತಿಹಾಸದಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಮೂರನೇ ವರ್ಷ, ಶಿಕಾರಿಪುರ ತಾಲೂಕಿನ ಶಾಸನಗಳು ನನ್ನ ವಿಷಯ. ಅದಕ್ಕೆ ಪಡಿಯಚ್ಚು ತೆಗೀಬೇಕು, ಅಂದ್ರೆ ಕಲ್ಲಿನ ಅಕ್ಷರಾನ ಕಾಗದದ ಮೇಲೆ ಅಚ್ಚು ತಗೊಳ್ಳೋದು. ಒಂದೂವರೆ ವರ್ಷದ ಹಿಂದೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲು ಊದಿ ನೋಯೋ ಕಾಯಿಲೆ) ಅಂತ ಗೊತ್ತಾಯ್ತು. ಬೆಳಗ್ಗೆ ಬೆರಳೇ ಮಡಚಲ್ಲ, ಕುರ್ತಾ ಗುಂಡಿ ಅಮ್ಮನೇ ಹಾಕ್ಬೇಕು. ಗೈಡ್‌ಗೆ ಇನ್ನೂ ಹೇಳಿಲ್ಲ, ಹೇಳಿದ್ರೆ ಫೀಲ್ಡಿಗೆ ಆಗದೋಳು ಅಂತಾರೆ, ಹೇಳ್ದಿದ್ರೆ ಸೋಮಾರಿ ಅಂತಾರೆ. ಬಿಟ್ಬಿಡೋದೇ ವಾಸಿನಾ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ನಂಗೂ ಇದೇ ಕಾಯಿಲೆ ಕಣಮ್ಮ, ಹದಿನಾಲ್ಕು ವರ್ಷ ಆಯ್ತು. ಒಂದ್ಸಲ ಊರ ಹೊರಗಿನ ವೀರಗಲ್ಲಿಗೆ ಒದ್ದೆ ಕಾಗದ ಅಂಟಿಸಿ ಬ್ರಷ್ಷಲ್ಲಿ ಕುಟ್ತಾ ಇದ್ದೆ, ಕಾಗದ ಅಕ್ಷರದ ಗುಂಡಿಗೆಲ್ಲ ಇಳೀಬೇಕಲ್ಲ, ನಾಲ್ಕನೇ ಸಾಲಿಗೆ ಮಣಿಕಟ್ಟು ಕೈಕೊಡ್ತು, ಬ್ರಷ್ ಜಾರಿ ಕಾಗದ ಹರೀತು, ಜೊತೆಗಿದ್ದ ಹುಡುಗರ ಮುಂದೆ ಕಣ್ಣಲ್ಲಿ ನೀರು. ಅವತ್ತೂ ನಾನು ಯಾರಿಗೂ ಹೇಳಿರ್ಲಿಲ್ಲ. ಆಮೇಲೆ ಆರು ತಿಂಗಳು ಸುಮ್ನೆ ನೆಪ ಹೇಳ್ಕೊಂಡೇ ಓಡಾಡ್ದೆ, ಅದರಷ್ಟು ಸುಸ್ತು ಕಾಯಿಲೇನೂ ಕೊಟ್ಟಿಲ್ಲ.

ಗೈಡ್‌ಗೆ ಹೇಳಿ. ಆದ್ರೆ ರಕ್ತದ ರಿಪೋರ್ಟ್ ತಗೊಂಡೋಗಿ ಕಥೆ ಹೇಳ್ಬೇಡಿ, ಯಾವ ಕೆಲಸ ಆಗಲ್ಲ, ಬದಲಿಗೆ ಹೇಗೆ ಮಾಡ್ತೀನಿ ಅಂತ ಹೇಳಿ. "ಪಡಿಯಚ್ಚು ಕುಟ್ಟೋಕೆ ಒಬ್ಬರ ಸಹಾಯ ಬೇಕು, ಓದೋದು ನಾನೇ, ಫೀಲ್ಡಿಗೆ ಹನ್ನೊಂದು ಗಂಟೆ ಮೇಲೆ ಹೊರಡ್ತೀನಿ" ಇಷ್ಟೇ. ಮಾತಾಡಿ ಬಂದ್ಮೇಲೆ ಅದನ್ನೇ ಒಂದು ಇಮೇಲ್ ಹಾಕಿ, ಮುಂದೆ ಬೇಕಾಗತ್ತೆ.

ಇನ್ನು ಟೈಮು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಲ್ಲಿ ಪಿಎಚ್‌ಡಿಗೆ 6 ವರ್ಷ, ಮರುನೋಂದಣಿ ಮಾಡಿಸಿದ್ರೆ ಇನ್ನೆರಡು, ಅದರ ಮೇಲೆ ಹೆಣ್ಮಕ್ಕಳಿಗೂ ಶೇ 40ಕ್ಕಿಂತ ಹೆಚ್ಚು ವೈಕಲ್ಯ ಇರೋರಿಗೂ ಮತ್ತೆರಡು ವರ್ಷ ಕೊಡಬಹುದು, ಒಟ್ಟು 10 ದಾಟೋ ಹಾಗಿಲ್ಲ. ಅಂದ್ರೆ ಆ ಕೊನೇ ಎರಡು ವರ್ಷ ಕೇಳೋಕೆ ನಿಮಗೆ ಕಾಯಿಲೆ ಸರ್ಟಿಫಿಕೇಟೇ ಬೇಡ! 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಲಿ ನಮ್ಮ ಕಾಯಿಲೆ ಹೆಸರು ಇಲ್ಲ, ಕೀಲು ಹಾಳಾಗಿ ಚಲನೆಗೆ ತೊಂದ್ರೆ ಆದ್ರೆ ಆ ಲೆಕ್ಕದಲ್ಲಿ ಬರಬಹುದು, ಅದನ್ನ ಮೆಡಿಕಲ್ ಬೋರ್ಡ್ ನೋಡತ್ತೆ.

ಕೆಲಸದ ವಿಷಯಕ್ಕೆ ಬರೋಣ, ನಂಗೆ ಇಷ್ಟದ್ದು ಇದೇ. ಕುಟ್ಟೋದು ಒಂದೇ ದಾರಿ ಅಲ್ಲ. ಕತ್ತಲಾದ್ಮೇಲೆ ಕಲ್ಲಿನ ಪಕ್ಕದಿಂದ, ಮೇಲ್ಮೈಗೆ ತಾಗೋ ಹಾಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ, ಹಗಲಲ್ಲಿ ಬರೀ ಕಲ್ಲು ಅನ್ಸಿದ್ದು ಸಾಲು ಸಾಲಾಗಿ ಎದ್ದು ನಿಲ್ಲತ್ತೆ. ಕ್ಯಾಮೆರಾ ಸ್ಟ್ಯಾಂಡ್ ಮೇಲಿಟ್ಟು ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ಫೋಟೋ ತೆಗೀರಿ. ಬೆಂಗಳೂರಿನ ಮಿಥಿಕ್ ಸೊಸೈಟಿ ಅನ್ನೋ ಇತಿಹಾಸ ಸಂಶೋಧನೆ ಸಂಸ್ಥೆಯವರು ಶಾಸನಗಳನ್ನ ತ್ರೀಡಿ ಸ್ಕ್ಯಾನೇ ಮಾಡ್ತಿದಾರೆ, ಹಾಗಾಗಿ ನಿಮ್ಮ ಗೈಡ್ "ಇದೆಲ್ಲ ಶಾರ್ಟ್‌ಕಟ್" ಅಂದ್ರೆ ಧೈರ್ಯವಾಗಿ ಇದನ್ನ ಹೇಳಿ. ಶಿಕಾರಿಪುರದ ಶಾಸನ ಎಷ್ಟೋ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲೇ ಇದೆಯಲ್ಲ, ಕೈ ಬಾರದ ದಿನ ಅದನ್ನ ಮುಂದಿಟ್ಕೊಂಡು ಅದರಲ್ಲಿ ಅಚ್ಚಾಗಿರೋ ಶಾಸನದ ಸಾಲುಗಳನ್ನ ಫೋಟೋ ಜೊತೆ ತಾಳೆ ನೋಡಿ. ಟೈಪಿಂಗ್‌ಗೆ ವಾಯ್ಸ್ ಬಳಸಿ, ಆದ್ರೆ ಹಳಗನ್ನಡ ಮಾತ್ರ ಬೇಡ, ನನ್ನ ಫೋನು ಕಳಚೂರಿ ರಾಜ ಬಿಜ್ಜಳನ್ನ ಬಿಸಿನೀರು ಮಾಡಿತ್ತು.

ನಿಮ್ಮ ಬಳ್ಳಿಗಾವೆಯಲ್ಲೇ ಕೋಡಿಯ ಮಠದ 1162ರ ಶಾಸನ ಇದೆ, ಓದಿರ್ತೀರ. ಮಠದಲ್ಲಿ ಏನೇನು ಕಲಿಸ್ತಾರೆ, ವೇದ, ವ್ಯಾಕರಣ ಅಂತ ಪಟ್ಟಿ ಮಾಡ್ತಾ ಮಾಡ್ತಾ ಅದೇ ಉಸಿರಲ್ಲಿ ರೋಗಿಗಳಿಗೆ ಔಷಧಿ ಕೊಡೋ ಜಾಗಾನೂ ಇದೇ ಅಂತಾನೆ ಆ ಕವಿ. ನಮ್ಮ ಡಿಪಾರ್ಟ್‌ಮೆಂಟುಗಳಲ್ಲಿ ಒಂದು ಲಿಫ್ಟ್ ಕೇಳಿದ್ರೆ ಮುಖ ನೋಡ್ತಾರೆ, ಇರ್ಲಿ.

ಈ ಕಾಯಿಲೆಗೆ ವಾರಕ್ಕೊಂದ್ಸಲದ ಮಾತ್ರೆ ಇದ್ರೆ ಮಾರನೇ ದಿನ ಸುಸ್ತಾಗಬಹುದು, ಫೀಲ್ಡ್ ಇಟ್ಕೋಬೇಡಿ, ಡಾಕ್ಟರ್ ಕೇಳ್ದೆ ಮಾತ್ರೆ ಮಾತ್ರ ತಪ್ಪಿಸ್ಬೇಡಿ. ಮತ್ತೆ ಓರೆ ಬೆಳಕಿಗೆ ಟಾರ್ಚ್ ಹಿಡ್ಕೊಳ್ಳೋಕೆ ಒಬ್ರು ಬೇಕೇ ಬೇಕು, ಅಮ್ಮನ್ನ ಕರ್ಕೊಂಡೋಗಿ.