ಎಸ್ಕೇಪ್ ಪಾಡ್ ಹಾರಿತು, ಮುಂದೆ?

ವಾಯುಪಡೆಯಲ್ಲಿ ಇಜೆಕ್ಷನ್ ಸೀಟ್ ನೋಡಿಕೊಂಡು, ನಿವೃತ್ತನಾಗಿ ಬೀದರಿನಲ್ಲೇ ಉಳಿದವನು ನಾನು. ಬಾಹ್ಯಾಕಾಶ ಯುದ್ಧದ ಕತೆ ಬರೆಯುವವರಿಂದ ತಿರುಗಾಮುರುಗಾ ಇದೇ ಪ್ರಶ್ನೆ ಬರುತ್ತದೆ.

ಪ್ರಶ್ನೆ: ನನ್ನ ಕತೆಯ ಯುದ್ಧನೌಕೆ ಭೂಮಿ ಸುತ್ತುತ್ತಿದೆ. 300 ಸಿಬ್ಬಂದಿ, ತಲೆಗೊಂದು ಎಸ್ಕೇಪ್ ಪಾಡ್ (ಅಪಾಯದಲ್ಲಿ ನೌಕೆಯಿಂದ ಕಳಚಿಕೊಂಡು ಹಾರುವ ಪುಟ್ಟ ಕೋಶ). ಶತ್ರು ಹೊಡೆದಾಗ ಎಲ್ಲರೂ ಹಾರಿ ಪಾರಾಗುತ್ತಾರೆ. ಸರಿ ಇದೆಯಾ ಸರ್? (ಕಲಬುರಗಿ)

ಉತ್ತರ: ಇಲ್ಲ. ಹಾರಿ ಎಲ್ಲಿಗೆ ಹೋಗ್ತಾರೆ? ಮೊದಲು ಅದನ್ನು ಹೇಳಿ. ನಮ್ಮೂರ ಮೇಲೆ ಹಾರುವ ಹಾಕ್ ವಿಮಾನದಿಂದ ಪೈಲಟ್ ಸೀಟ್ ಸಮೇತ ಹೊರಬಿದ್ದರೆ ಉಸಿರಿಗೆ ಗಾಳಿ ಇದೆ, ಕೆಳಗೆ ನೆಲ ಇದೆ. ಅಲ್ಲಿ ಎರಡೂ ಇಲ್ಲ. 400 ಕಿ.ಮೀ. ಎತ್ತರದಲ್ಲಿ ನೌಕೆಯ ವೇಗ ಸೆಕೆಂಡಿಗೆ ಸುಮಾರು 7.7 ಕಿ.ಮೀ. ಬೀದರಿನಿಂದ ಕಲಬುರಗಿಗೆ 15 ಸೆಕೆಂಡು ಸಾಕು. ಪಾಡ್ ಕಳಚಿಕೊಂಡ ಮಾತ್ರಕ್ಕೆ ಆ ವೇಗ ಹೋಗುವುದಿಲ್ಲ. ಒಡೆದ ನೌಕೆಯ ಚೂರುಗಳ ಜೊತೆಗೇ ಅದೂ ಸುತ್ತುತ್ತಿರುತ್ತದೆ. ಇಳಿಯಬೇಕಾದರೆ ಎಂಜಿನ್, ಇಂಧನ, ಶಾಖಕವಚ, ಪ್ಯಾರಾಚೂಟ್ ಎಲ್ಲ ಬೇಕು. ಅಂದರೆ ಅದೇ ಒಂದು ಪೂರ್ತಿ ನೌಕೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ರಷ್ಯಾದ ಸೋಯುಜ್ ನೌಕೆ ಕಟ್ಟಿಕೊಂಡಿರುವುದು ಇದಕ್ಕೇ. 2022ರ ಡಿಸೆಂಬರಿನಲ್ಲಿ ಒಂದು ಸೋಯುಜ್‌ನ ಕೂಲಂಟ್ (ತಂಪಾಗಿಡುವ ದ್ರವ) ಸೋರಿಹೋಯಿತು. ಬದಲಿ ಸೋಯುಜ್ ಜನರಿಲ್ಲದೆ ಅಲ್ಲಿಗೆ ಹೋಗಿದ್ದು 2023ರ ಫೆಬ್ರವರಿಯಲ್ಲಿ. ಮೂರೇ ಜನರಿಗೆ ಇಷ್ಟು ಒದ್ದಾಟ.

ಇಳಿಯದೆ ಕಾಯುತ್ತಾರೆ ಅಂತೀರಾ? ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. ಮುಚ್ಚಿದ ಜಾಗದಲ್ಲಿ ಆಮ್ಲಜನಕ ತೀರುವ ಮೊದಲೇ ಇದು ಕೊಲ್ಲುತ್ತದೆ. 1970ರಲ್ಲಿ ಅಪೊಲೊ 13ರ ಮೂವರು ಇಬ್ಬರ ಚಂದ್ರನೌಕೆಯಲ್ಲಿ ಸೇರಿಕೊಂಡಾಗ ಆಮ್ಲಜನಕ ಸಾಕಷ್ಟಿತ್ತು. ಸಾಲದೆ ಹೋದದ್ದು ಈ ಅನಿಲ ಹೀರುವ ಡಬ್ಬಿಗಳು.

ಹಾಗಾಗಿ ಒಂಟಿ ಪಾಡ್ ಬಿಟ್ಟುಬಿಡಿ. ನೌಕೆಯನ್ನೇ ಗಾಳಿಯಾಡದಂತೆ ಮುಚ್ಚಬಹುದಾದ ವಿಭಾಗಗಳಾಗಿ ಕಟ್ಟಿ. ಪ್ರತಿಯೊಂದರಲ್ಲೂ ಅದರದೇ ಗಾಳಿ, ಅದರದೇ ಬ್ಯಾಟರಿ ಇಡಿ. ಪಾಡ್ ಬೇಕೇ ಬೇಕೆಂದರೆ ಹತ್ತಿಪ್ಪತ್ತು ಜನರದ್ದು ಮಾಡಿ. ಗಾಯಾಳುವಿನ ಪಕ್ಕ ಒಬ್ಬರು ಇರುತ್ತಾರೆ, ಹುಡುಕುವವರು 300 ಕಡೆ ಅಲೆಯುವುದೂ ತಪ್ಪುತ್ತದೆ. ಎಲ್ಲಕ್ಕಿಂತ ಮೊದಲು ರಕ್ಷಣೆಗೆ ಬರುವ ನೌಕೆಯನ್ನು ಬರೆಯಿರಿ. ಅದು ಎಷ್ಟು ದಿನಕ್ಕೆ ಬರುತ್ತದೋ ಅಷ್ಟು ದಿನದ ಡಬ್ಬಿ ಪಾಡ್‌ನಲ್ಲಿರಲಿ. ನಾನಾದರೆ ಅದರ ಎರಡು ಪಟ್ಟು ಇಡುತ್ತೇನೆ.

ಪ್ರಶ್ನೆ: ಗಗನಯಾನದ ಕ್ರೂ ಎಸ್ಕೇಪ್ ಸಿಸ್ಟಂ ಅನ್ನೇ ಯುದ್ಧನೌಕೆಗೆ ಹಾಕಿದರೆ? (ಬಸವಕಲ್ಯಾಣ)

ಉತ್ತರ: 2023ರ ಅಕ್ಟೋಬರ್ 21ರಂದು ಇಸ್ರೊ ಪರೀಕ್ಷಿಸಿದ್ದು ರಾಕೆಟ್ ಮೇಲೇರುವಾಗ ಕೆಟ್ಟರೆ ಸಿಬ್ಬಂದಿಯನ್ನು ದೂರ ಎಳೆದೊಯ್ಯುವ ವ್ಯವಸ್ಥೆ, ಕಕ್ಷೆಯಲ್ಲಿ ಅದಕ್ಕೆ ಕೆಲಸವಿಲ್ಲ.

ಪ್ರಶ್ನೆ: ನಿರ್ವಾತಕ್ಕೆ ಬಿದ್ದವನು ಸಿಡಿದುಹೋಗ್ತಾನಂತೆ, ಅದಕ್ಕೆ ಉಸಿರು ಬಿಗಿಹಿಡಿಯಬೇಕಂತೆ? (ಯಾದಗಿರಿ)

ಉತ್ತರ: ಎರಡೂ ಸುಳ್ಳು. ಮೈ ಊದುತ್ತದೆ, ಹತ್ತು ಹದಿನೈದು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ, ಸಿಡಿಯುವುದಿಲ್ಲ. ಉಸಿರು ಹಿಡಿದರೆ ಶ್ವಾಸಕೋಶ ಹರಿಯುತ್ತದೆ. ಏನೂ ಓದದೆ ಇಂಥದ್ದನ್ನು ವಿಡಿಯೊದಲ್ಲಿ ಕಲಿಸುವವರ ಮಾತು ಸುಮ್ನೆ ನಂಬಬೇಡಿ. ನಿಮ್ಮ ಪಾತ್ರ ಬಾಯಿ ತೆರೆದು ಉಸಿರು ಹೊರಬಿಡಲಿ.